ಕಂತ್ರಿ ಬ್ಯಾಂಡ್

ಮಸ್ಕಿ
ಆಗಸ್ಟ್ 14, 2025, ಗುರುವಾರ

ಮಗಳು ನಗ್ಮಾಳಿಗೆ ನಿನ್ನ ಅಮ್ಮಿ ಮಾಡುವ ದುವಾ.

ನಾವಿಲ್ಲಿ ಆರಾಮ ಇದ್ದೇವೆ. ವಿಜಯಪುರದಲ್ಲಿ ನೀನು, ಅಳಿಯಂದಿರು, ಕೂಸು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಬರೆಯುತ್ತೇನೆ ಅಂತ ಹೇಳಿ ತಡಮಾಡಿದೆ, ಸಿಟ್ಟಾಗಬೇಡ. ಫೋನ್ ಇರುವಾಗ ಈ ಮುದುಕಿಗೆ ಪತ್ರದ ಶೋಕಿ ಯಾಕೆ ಅಂತೀಯೇನೋ. ಫೋನ್ ನನ್ನ ಕೈಗೆ ಸಿಕ್ಕರೆ ತಾನೆ? ಬಕ್ರೀದಿಗೆ ಬಂದಾಗ ನೀನು ಬಿಟ್ಟುಹೋದ ಹಳೇ ಫೋನು ಹಗಲೆಲ್ಲ ನಿನ್ನ ಅಬ್ಬಾನ ಕಿವಿಗೇ ಅಂಟಿಕೊಂಡಿದೆ. ಅವರ ಮೇಲಿನ ದೂರನ್ನು ಅವರ ಕಿವಿಯಲ್ಲಿರುವ ಫೋನಿನಲ್ಲಿ ಹೇಗೆ ಹೇಳಲಿ! ಏಳನೇ ಇಯತ್ತೆಯವರೆಗೆ ಓದಿದ್ದು ಇವತ್ತು ಕೆಲಸಕ್ಕೆ ಬಂತು.

ಮೊದಲು ಊರಿನ ಸುದ್ದಿ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಸಿಂಧನೂರಿನ ಕಡೆ ಭತ್ತದ ನಾಟಿ ಜೋರಾಗಿದೆ. ನಮ್ಮ ಕರಿ ಕೋಳಿ ಮರಿ ಮಾಡಿದೆ. ನಿನ್ನ ಅಬ್ಬಾನ ಲಗ್ನದ ಬ್ಯಾಂಡು ಮಾತ್ರ ಗೂಟಕ್ಕೆ ಜೋತುಬಿದ್ದಿದೆ, ಈಗ ಎಲ್ಲ ಮದುವೆಗೂ ಡಿಜೆ. ಇಷ್ಟು ವರ್ಷ ಕ್ಲಾರಿನೆಟ್ ಊದಿದ ಬ್ಯಾಂಡ್ ಮಾಸ್ತರ್ ಇಸ್ಮಾಯಿಲ್‌ಸಾಬರು ಈಗ ಕಟ್ಟೆಯ ಮೇಲೆ ಕೂತು ಫೋನ್ ತಿಕ್ಕುತ್ತಾರೆ.

ಮೊಹರಂ ಮುಗಿದ ಮೇಲೆ ಒಂದು ಮಧ್ಯಾಹ್ನ ಫೋನಿನಲ್ಲಿ ಯಾರದೋ ಕ್ಲಾರಿನೆಟ್ ಕೇಳುತ್ತಿದ್ದರು. ಅದು ಮುಗಿದು ತಾನಾಗಿಯೇ ಇನ್ನೊಂದು ವಿಡಿಯೋ ಶುರುವಾಯಿತು. ಅದರಲ್ಲಿ ನುಡಿಸುವವರು ಅಮೆರಿಕದ ಹಳ್ಳಿಯವರಂತೆ. ಒಬ್ಬ ಜರಡಿಗೆ ಹಿಡಿಕೆ ಕೂಡಿಸಿ ತಂತಿ ಬಿಗಿದಂಥದ್ದನ್ನು ಮೀಟುತ್ತಾನೆ. ಇನ್ನೊಬ್ಬ ಬಡಿಗರ ಗರಗಸವನ್ನು ಬಗ್ಗಿಸಿ ಅದರ ಮೇಲೆ ಪಿಟೀಲಿನ ಕಮಾನು ಎಳೆಯುತ್ತಾನೆ. ಗರಗಸ ಅಳುತ್ತದೆ ನಗ್ಮಾ, ಸುಳ್ಳಲ್ಲ. ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿದರೂ ನಿನ್ನ ಅಬ್ಬಾಗೆ ಎಚ್ಚರವಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಜಾವೀದನನ್ನು ಕರೆಸಿ ಇದೇನೆಂದು ಕೇಳಿದರು. ಅವನು ಓದಿ ಹೇಳಿದ: "ಚಾಚಾ, ಇದಕ್ಕ ಕಂಟ್ರಿ ಅಂತಾರ. ಅದರಾಗ ದೊಡ್ಡ ಟೋಪಿ ಹಾಕ್ಕೊಂಡು ಸ್ಟೇಡಿಯಂ ತುಂಬಸೋರು ಬ್ಯಾರೆ. ಇವ್ರು ಅವ್ರ ಗುಂಪಿಗೆ ಸೇರದವ್ರು. ಶೆಡ್ಡಿನ್ಯಾಗ, ಗ್ಯಾರೇಜಿನ್ಯಾಗ ನುಡಿಸ್ಕೋತ ಇರ್ತಾರ. ಆಲ್ಟರ್ನೇಟಿವ್ ಕಂಟ್ರಿ."

ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. "ಏನ್ರೀ ಅದು, ಕಂತ್ರಿ ಬ್ಯಾಂಡಾ? ಬೀದಿ ನಾಯಿಗೆ ಕಂತ್ರಿ ಅಂತೀವಿ, ಬ್ಯಾಂಡಿಗೂ ಅಂತಾರೇನು?" ಅಂದೆ. ಜಾವೀದ ಹೊಟ್ಟೆ ಹಿಡಿದುಕೊಂಡು ನಕ್ಕ. ನಿನ್ನ ಅಬ್ಬಾ ನಗಲಿಲ್ಲ. "ಬರೋಬರಿ ಐತಿ. ಯಾರೂ ಸಾಕಿಲ್ಲ, ಯಾರ ಬಾಗಿಲಾನೂ ಕಾಯಂಗಿಲ್ಲ. ಕಂತ್ರಿ ಬ್ಯಾಂಡೇ ಇವು" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಹೆಸರು. ಈ ಸಂಗೀತದ ಮನೆಯಲ್ಲಿ ನನ್ನ ಬಾಯಿಗೆ ಸಿಕ್ಕ ಮರ್ಯಾದೆ ಅದೊಂದೇ.

ಆಮೇಲೆ ಇಂಥವರನ್ನೇ ಹುಡುಕಿ ಹುಡುಕಿ ಕೇಳತೊಡಗಿದರು. ಅವರಲ್ಲಿ ಒಬ್ಬಾಕೆ ಇದ್ದಾಳೆ. ತನ್ನ ಅಡುಗೆಮನೆಯಲ್ಲೇ ಸ್ಟೂಲಿನ ಮೇಲೆ ಕೂತು ಹಾಡುತ್ತಾಳೆ, ಹಿಂದೆ ಒಲೆಯ ಮೇಲೆ ಏನೋ ಕುದಿಯುತ್ತಿರುತ್ತದೆ. ನಿನ್ನ ಅಬ್ಬಾ ಅದನ್ನು ಹಾಕಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. "ನೋಡು ಸುಭಾನಾ, ಅಡಿಗಿ ಮನ್ಯಾಗ ಕುಂತು ಹೆಂಗ ಹಾಡ್ಯಾಳ! ಇಂಥಾ ದನಿ ಯಾರಿಗೂ ಗೊತ್ತಿಲ್ಲಂದ್ರ ಎಂಥಾ ಅನ್ಯಾಯ!" ನಾನೂ ನೋಡಿದೆ. ಆಕೆಯ ಒಲೆ ಬಹಳ ಸ್ವಚ್ಛವಾಗಿತ್ತು.

ಕೇಳುವುದಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. "ಅಲ್ಲಿ ಅದಾವಂದ್ರ ಇಲ್ಲೂ ಇರಬೇಕಲ್ಲ ಕಂತ್ರಿ ಬ್ಯಾಂಡು" ಎಂದು ತಮ್ಮ ಬ್ಯಾಂಡಿನಲ್ಲಿ ಡೋಲು ಬಡಿಯುವ ಮಾಳಿಂಗಪ್ಪನ ಬೈಕು ಹತ್ತಿದರು. ಊರೂರು ತಿರುಗುವುದು, ಫೋನಿನಲ್ಲಿ ರೆಕಾರ್ಡ್ ಮಾಡುವುದು. ಲಿಂಗಸುಗೂರಿನಲ್ಲಿ ಒಬ್ಬ ಗೌಂಡಿ ಸಿಮೆಂಟಿನ ಬುಟ್ಟಿ ಬಡಿದು ಹಾಡುತ್ತಾನಂತೆ. ಗೊರೇಬಾಳದಲ್ಲಿ ಭಜನೆಯಿಂದ ಹೊರಹಾಕಿಸಿಕೊಂಡ ಇಬ್ಬರು ಬೇರೆಯೇ ಭಜನೆ ಹೂಡಿದ್ದಾರಂತೆ. ಇವರನ್ನೆಲ್ಲ ಕೂಡಿಸಿ ಒಂದು ಕಂತ್ರಿ ಬ್ಯಾಂಡ್ ಕಟ್ಟಿ ಸಿಂಧನೂರಿನಲ್ಲಿ ನುಡಿಸಬೇಕು ಎಂಬುದು ಅವರ ಆಸೆ. ಮನೆಗೆ ಬಂದವರು ಮತ್ತೆ ಅದನ್ನೇ ಹಚ್ಚಿ ಕೂರುತ್ತಾರೆ. ನಾನು ಪಾತ್ರೆ ಇಟ್ಟ ಸದ್ದಾದರೂ "ಸುಮ್ಕಿರು, ಹಾಡು ಕೇಳವಲ್ದು" ಅನ್ನುತ್ತಾರೆ.

ತುರ್ವಿಹಾಳದಲ್ಲಿ ನಾಟಿಗೆ ಹೋಗುವ ಪೀರಮ್ಮ ಎಂಬ ಮುದುಕಿ ಇವರಿಗೊಂದು ಬೀಸುವ ಪದ ಹೇಳಿದಳು:

ಹೊಸ್ತಿಲ ದಾಟಿದ ಮಗಳೀಗಿ ಹೇಳವ್ವ
ಹೊಳಿನೀರು ತಿರುಗಿ ಬರದಂತ...

ಅಷ್ಟಕ್ಕೇ ನಿಂತಳಂತೆ. "ಮುಂದಿಂದು ಮರ್ತೀನೋ ಯಪ್ಪಾ, ಬೀಸೂಕಲ್ಲು ಹೋತು, ಪದಾನೂ ಹೋತು" ಅಂದಳಂತೆ. ನಿನ್ನ ಅಬ್ಬಾ ಮನೆಗೆ ಬಂದು ಕ್ಲಾರಿನೆಟ್ ಪೆಟ್ಟಿಗೆ ಮುಚ್ಚಿ ಗೋಡೆಯ ಮಾಡದಲ್ಲಿಟ್ಟರು. "ಬ್ಯಾಂಡು ಶುರುವಾಗೂದೇ ಈ ಪದದಿಂದ. ಉಳಿದರ್ಧ ಸಿಗೂತನಕ ನಾ ಕ್ಲಾರಿನೆಟ್ ಮುಟ್ಟಂಗಿಲ್ಲ" ಅಂದರು. ಅವರ ಹಟ ನಿನಗೆ ಗೊತ್ತೇ ಇದೆ.

ಆ ಪದವೂ ನಿನಗೆ ಗೊತ್ತು ನಗ್ಮಾ. ಅಬ್ಬಾ ಯಾರದೋ ಮದುವೆಯಲ್ಲಿ ಊದುತ್ತಿದ್ದ ರಾತ್ರಿಗಳಲ್ಲಿ ನೀನು, ನಿನ್ನ ತಮ್ಮ ಮಲಗಿದ್ದು ಅದೇ ಪದಕ್ಕೆ. ನನ್ನ ಅಮ್ಮ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದಳು, ನನಗೆ ಪೂರ್ತಿ ಬರುತ್ತದೆ. ಹೇಳಿಬಿಡಬಹುದಿತ್ತಲ್ಲ ಅಂತೀಯ. ಹೇಳಲಿಲ್ಲ. ಅವರಾಗಿ ಒಂದು ಸಲ "ನಿನಗ ಬರ್ತದೇನು?" ಎಂದು ಕೇಳಲಿ ಎಂದು ಕಾದೆ. ಬಂಗಾರ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ, ಇದೊಂದು ಆಸೆ ಇಟ್ಟುಕೊಂಡೆ.

ಒಂದು ದಿನ ತಡೆಯಲಾರದೆ "ಎಲ್ಲಾ ಊರು ಹುಡುಕಿದ್ರಿ, ಒಮ್ಮೆ ಮನ್ಯಾಗೂ ಹುಡುಕ್ರಿ" ಅಂದೆ. "ಮನ್ಯಾಗ ಏನೈತಿ? ಕುಕ್ಕರ್ ಸೀಟಿ" ಎಂದು ಚಪ್ಪಲಿ ಮೆಟ್ಟಿ ಹೋದರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇಲ್ಲಿ ಗಿಡ ಇದೆ ಅನ್ನುವುದೇ ಯಾರಿಗೂ ಗೊತ್ತಿಲ್ಲ.

ಇರಲಿ, ಇದೆಲ್ಲ ನಗುವ ಮಾತು ಅಂತ ಬರೆದೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅಬ್ಬಾಗೆ ಫೋನ್ ಮಾಡಿ ಜಗಳವಾಡಬೇಡ. ಕೂಸಿಗೆ ನೆಗಡಿಯಾದರೆ ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಕಾವು ಕೊಡು. ಅಳಿಯಂದಿರಿಗೆ ಸಲಾಮು ಹೇಳು. ಅಲ್ಲಾಹು ನಿಮ್ಮ ಮನೆಯಲ್ಲಿ ಬರಕತ್ತು ಇಡಲಿ, ಕೂಸಿನ ಆಯುಷ್ಯ ಹೆಚ್ಚಿಸಲಿ.

ನಿನ್ನ ಅಮ್ಮಿ
ಸುಭಾನಬಿ

ತಾ.ಕ.: ಪತ್ರ ಮಡಚಿಟ್ಟು ಮತ್ತೆ ಬಿಚ್ಚಿದ್ದೇನೆ. ಉಳಿದರ್ಧ ಸಿಕ್ಕಿತು.

ಮೊನ್ನೆ ಅವರು ದಢೇಸುಗೂರಿನಲ್ಲಿ ನಾಟಿಯ ಹೆಂಗಸರ ಹಾಡು ರೆಕಾರ್ಡ್ ಮಾಡಿಕೊಂಡು ಬಂದು, ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ನಮಾಜಿಗೆ ಹೋಗಿದ್ದರು. ನಾನು ಅದನ್ನು ಪಕ್ಕಕ್ಕೆ ಸರಿಸುವಾಗ ಕೈ ತಾಗಿ ರೆಕಾರ್ಡ್ ಶುರುವಾಗಿದೆ. ನನಗೆ ಗೊತ್ತಿಲ್ಲ. ಹಿಟ್ಟು ನಾದುತ್ತ, ಒಬ್ಬಳೇ ಇದ್ದೇನೆಂದು, ಪದ ಪೂರ್ತಿ ಹಾಡಿದ್ದೇನೆ. ಇವತ್ತು ಸಂಜೆ ಮಾಳಿಂಗಪ್ಪನ ಮುಂದೆ ದಢೇಸುಗೂರಿನ ರೆಕಾರ್ಡುಗಳನ್ನು ಹಾಕುವಾಗ ಅದೂ ಬಂತು:

ಹೊಳಿನೀರು ಬರದಿದ್ರ ಬಾವ್ಯಾಗ ನೋಡವ್ವ
ನಿನ್ನ ಮಾರಿ ಅಲ್ಲೇ ಐತಂತ.

ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ನಿನ್ನ ಅಬ್ಬಾ ಕಣ್ಣು ಮುಚ್ಚಿ ಕೇಳಿದರು, ಗಳಗಳ ಅತ್ತರು. "ಯಾರಲೇ ಮಾಳ್ಯಾ ಈಕಿ? ಅಷ್ಟು ಮಂದ್ಯಾಗ ನಮಗ ಗೊತ್ತಾಗಿಲ್ಲ ನೋಡು. ದಢೇಸುಗೂರಾಕಿನೇ ಇರಬೇಕು!" ಹಾಡಿನ ಹಿಂದೆ ನಮ್ಮ ಕುಕ್ಕರು ಸೀಟಿ ಹೊಡೆಯಿತು. ಅದೂ ಅವರಿಗೆ ಗುರುತು ಹತ್ತಲಿಲ್ಲ.

ನಗ್ಮಾ, ನೀನು ಹುಟ್ಟುವ ಮೊದಲಿನಿಂದ ಇವರ ಜೊತೆ ಒಂದೇ ಸೂರಿನ ಕೆಳಗೆ ಇದ್ದೇನೆ. ನನ್ನ ದನಿ ಇವರಿಗೆ ಗೊತ್ತಿಲ್ಲ. ಚಹಾದ ತಟ್ಟೆ ಅವರ ಮುಂದಿಟ್ಟು ಒಳಗೆ ಬಂದೆ.

ನಾಳೆ ಜುಮ್ಮಾ ನಮಾಜು ಮುಗಿಸಿ ಆಕೆಯನ್ನು ಹುಡುಕಲು ದಢೇಸುಗೂರಿಗೆ ಹೊರಟಿದ್ದಾರೆ. ದಾರಿಗೆ ರೊಟ್ಟಿ ಕಟ್ಟಿಕೊಡು ಅಂದಿದ್ದಾರೆ. ಕಟ್ಟಿಕೊಡುತ್ತೇನೆ. ಹಿಟ್ಟು ನಾದುವಾಗ ಮಾತ್ರ ಹಾಡುವುದಿಲ್ಲ.