ಮೇಘಾಳ ಮದುವೆಗೆ ಚವರಿ

ತಿಕೋಟಾ
14 ಏಪ್ರಿಲ್ 2025

ಮುದ್ದಿನ ನಾದಿನಿ ಮೇಘಾಗೆ,

ತವರಿನಲ್ಲಿ ಕುಳಿತ ನಿನ್ನ ವೈನಿ ಪೂನಮ ಬರೆಯುವುದು. ನಾನಿಲ್ಲಿ ಆರಾಮಾಗಿದ್ದೇನೆ. ನೀನೂ ಆರಾಮಾಗಿರು, ಕನಿಷ್ಠ ಬರುವ ರವಿವಾರ ನಿನ್ನ ಮದುವೆಯ ಅಕ್ಕಿಕಾಳು ಬೀಳುವತನಕ.

ಮೂರು ವರ್ಷದಲ್ಲಿ ಮೊದಲ ಸಲ ನಿನ್ನ ಫೋನು ಬಂತು. ನಿನ್ನ ಕೂದಲಿಗೆ ನೀನೇ ಬ್ಲೀಚ್ ಹಚ್ಚಿಕೊಂಡು ಹಾಳು ಮಾಡಿಕೊಂಡೆಯಂತೆ. “ವೈನಿ, ಮುಟ್ಟಿದ್ರ ಮುರದ ಬೀಳಾಕತ್ತಾವ. ನಿಮ್ಮವು ಹೆಂಗ ಸುಧಾರ್ಸಿದ್ವು, ನನಗೂ ಹೇಳ್ರಿ” ಎಂದು ಅಳತೊಡಗಿದೆ. ನಾನು ಫೋನಿಟ್ಟೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಸುಳ್ಳು ಯಾಕೆ ಹೇಳಲಿ, ಅಂಥ ನಗು ಬಹಳ ದಿನದಿಂದ ಬಂದಿರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಮರೆತುಬಿಡುತ್ತೀ. ಮರೆಯುವುದರಲ್ಲಿ ನೀನು ಎತ್ತಿದ ಕೈ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಮೊದಲು ಎಣ್ಣೆ. ತಲೆ ಎರೆದುಕೊಳ್ಳುವ ಹಿಂದಿನ ದಿನವೇ ಕೊಬ್ಬರಿ ಎಣ್ಣೆಯನ್ನು ತುದಿಯವರೆಗೆ ಹಚ್ಚಿ ಸಡಿಲ ಜಡೆ ಹಾಕಿಬಿಡು. ಬ್ಲೀಚ್ ಆದ ಕೂದಲು ನೀರು ಕುಡಿದು ಉಬ್ಬುತ್ತದೆ, ಒಣಗಿದ ಮೇಲೆ ಸಣಬಿನ ಹಾಗೆ ಸಿಡಿದು ನಿಲ್ಲುತ್ತದೆ. ಮೊದಲೇ ಎಣ್ಣೆ ಇದ್ದರೆ ಅಷ್ಟು ನೀರು ಕುಡಿಯುವುದಿಲ್ಲ. ಶಾಂಪೂ ಬುಡಕ್ಕಷ್ಟೇ ಸಾಕು. ತುದಿಗೆ ಕಂಡೀಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಕೆಯಿಂದ ಕೆಳಗಿನಿಂದ ಮೇಲಕ್ಕೆ ಸಿಕ್ಕು ಬಿಡಿಸು. ಇಲ್ಲಿನ ಬೋರಿನ ನೀರು ಸವಳು. ಅದರಲ್ಲಿ ತೊಳೆದರೆ ಕೂದಲು ಮತ್ತಷ್ಟು ಒರಟು. ಕೊನೆಯ ತಂಬಿಗೆ ಮಾತ್ರ ಕುಡಿಯುವ ನೀರನ್ನು ಸುರಿದುಕೊಳ್ಳುತ್ತೇನೆ. ಕುಡಿಯುವ ನೀರನ್ನು ತಲೆಗೆ ಸುರಿದುಕೊಳ್ಳುತ್ತಾಳೆಂದು ನಮ್ಮವ್ವ ಮಾಳವ್ವ ಗೊಣಗುತ್ತಾಳೆ. ಗೊಣಗಲಿ.

ಹೊತ್ತಿಗೆ ಸರಿಯಾಗಿ ತೊಳೆಯುವುದು ಎಲ್ಲಕ್ಕಿಂತ ಮುಖ್ಯ, ಮೇಘಾ. ಅದು ನಿನಗೆ ಗೊತ್ತಿರಲೇಬೇಕು. ಅಥಣಿ ರಸ್ತೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಿನ್ನ ಪಾರ್ಲರು ತೆರೆಯುವ ಹಿಂದಿನ ದಿನ, ಗೋಡೆಗೆ ಹಾಕಲು ಒಂದು ಫೋಟೋ ಬೇಕೆಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದೆ. ಮೊಣಕಾಲು ಮುಟ್ಟುತ್ತಿದ್ದ ಕೂದಲು ನನ್ನದು. ಬುಡದಿಂದ ತುದಿಯವರೆಗೆ ಬ್ಲೀಚ್ ಪುಡಿ ಕಲಸಿ ಮೆತ್ತಿ, “ನಾ ಬರೂತನಕಾ ಮುಟ್ಟಬ್ಯಾಡ್ರಿ ವೈನಿ, ಹತ್ತ ಮಿನಿಟ್ ಅಷ್ಟ” ಎಂದು ಹೊರಗೆ ಹೋದೆ. ಅಲ್ಲಿ ನಿನ್ನ ಬೋರ್ಡು ಸೊಟ್ಟಗಾಗಿತ್ತು. ಅದನ್ನು ಎಡಕ್ಕೆ ಸರಿಸು, ಬಲಕ್ಕೆ ಸರಿಸು ಎಂದು ಕಟ್ಟುವವನೊಡನೆ ಜಗಳಾಡುತ್ತಿದ್ದ ನಿನ್ನ ದನಿ ನನಗೆ ಒಳಗೆ ಕೇಳುತ್ತಿತ್ತು. ನೆತ್ತಿ ಉರಿಯುತ್ತಿದೆ ಎಂದು ನಾನು ಕೂಗಿದ್ದು ನಿನಗೆ ಕೇಳಲಿಲ್ಲ. ನೀನು ಬಂದು ತೊಳೆದಾಗ ಕೂದಲು ಗೊಂಜಾಳದ ತೆನೆಯ ಜುಟ್ಟಿನಂತೆ ಹಳದಿಯಾಗಿ, ಅರ್ಧಕ್ಕರ್ಧ ಗೊಂಚಲು ಗೊಂಚಲಾಗಿ ನಿನ್ನ ಕೈಗೆ ಬಂತು.

ನಿಮ್ಮವ್ವ, ನಿಮ್ಮಣ್ಣ ಕಾಖಂಡಕಿಯ ಮದುವೆಯಿಂದ ಮರಳುವುದರೊಳಗೆ ನೀನು ನನ್ನ ಕಾಲು ಹಿಡಿದೆ. “ನಾಳಿ ಓಪನಿಂಗ್ ಐತಿ ವೈನಿ. ನನ್ನ ಕೈಯಾಗ ಆಗೈತಿ ಅಂದ್ರ ಒಬ್ರೂ ಬರೂದಿಲ್ಲ. ಎಂಟ ದಿನಾ ತಡೀರಿ, ನಾನ ಖರೇ ಹೇಳ್ತೇನಿ” ಎಂದೆ. ತಂಗಿ ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಅತ್ತೆ ಹೊಸ್ತಿಲು ದಾಟಿದ್ದೇ ತಡ, ವೈನಿ ಯಾರಿಗೂ ಹೇಳದೆ ಗಾಂಧಿ ಚೌಕದ ಯಾವುದೋ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬಂದಿದ್ದಾರೆಂದು ನೀನು ಅವರ ಕಿವಿಗೆ ಹಾಕಿದೆ. ಅತ್ತೆ ಓಣಿಗೆಲ್ಲ ಕೇಳುವಂತೆ, “ಕದ್ದ ಹೋಗಿ ತಲಿ ಸುಟ್ಟಗೊಂಡ ಬಂದಾಳ ನೋಡ್ರಿ ನಮ್ಮ ಸೊಸಿ. ಇನ್ನೆಲ್ಲೆಲ್ಲಿ ಕದ್ದ ಹೋಗ್ತಾಳೋ” ಎಂದರು. ಆ ಕೊನೆಯ ಮಾತು ನಿಮ್ಮಣ್ಣನ ತಲೆಯಲ್ಲಿ ಕುಳಿತುಬಿಟ್ಟಿತು. ಎಂಟು ದಿನ ಕಳೆದ ಮೇಲೆ ನಾನೇ ಬಾಯಿಬಿಟ್ಟೆ. ನೀನು ದೇವರ ಮುಂದೆ ನಿಂತು ಇಲ್ಲವೆಂದೆ. ನಿಮ್ಮಣ್ಣ ನನ್ನನ್ನು ತಿಕೋಟಾದ ಬಸ್ಸಿಗೆ ಹತ್ತಿಸಿ, “ಕೂದಲಾ ಕರ್ರಗಾದಮ್ಯಾಲ ಬಾ” ಎಂದು ಹಿಂದಿರುಗಿ ನೋಡದೆ ಹೋದ.

ಇರಲಿ, ಕೂದಲಿನ ಮಾತಿಗೆ ಬರುತ್ತೇನೆ. ತೊಳೆದ ಮೇಲೆ ಟವೆಲ್ಲಿನಿಂದ ತಿಕ್ಕಬೇಡ, ಬಡಿಯಬೇಡ. ಹಳೆಯ ಮೆತ್ತನೆಯ ಧೋತರ ಸುತ್ತಿ ನೀರು ಹೀರಿಸು. ಅರ್ಧ ಒಣಗಿದಾಗ ಎರಡು ಹನಿ ಎಣ್ಣೆ ಅಂಗೈಗೆ ತಿಕ್ಕಿಕೊಂಡು ಮೇಲಿನಿಂದ ಸವರಿದರೆ ಹಾರುವ ಕೂದಲು ಕೂರುತ್ತದೆ. ನಿನ್ನ ಪಾರ್ಲರಿನ ಬಿಸಿ ಇಸ್ತ್ರಿಯನ್ನಂತೂ ಹತ್ತಿರ ತರಬೇಡ. ನಾನು ಅವ್ವನ ಹಳೆಯ ರೇಷ್ಮೆ ಸೀರೆ ಹರಿದು ದಿಂಬಿಗೆ ಗವಸು ಹೊಲಿದುಕೊಂಡಿದ್ದೇನೆ. ರಾತ್ರಿ ತಿಕ್ಕಾಟ ಕಡಿಮೆಯಾಗುತ್ತದೆ. ಅದರ ಮೇಲೆ ಅತ್ತದ್ದು ಕೂದಲಿಗೆ ಒಳ್ಳೆಯದೋ ಕೆಟ್ಟದ್ದೋ, ಅದು ನೀನು ಕಲಿತ ಕೋರ್ಸಿನಲ್ಲಿ ಇದ್ದೀತು.

ಕವಲೊಡೆದ ತುದಿ ಯಾವ ಎಣ್ಣೆಗೂ ಮತ್ತೆ ಕೂಡುವುದಿಲ್ಲ. ಆಗಾಗ ಬೆರಳಗಲ ಕತ್ತರಿಸಬೇಕು. ಇಲ್ಲಿ ಎಲ್ಲರೂ ಒಮ್ಮೆಗೇ ತೆಗೆದುಬಿಡು ಎಂದರು. ಅವ್ವ ಕೂಡ, “ಬೋಳ್ಸಿಬಿಡ ಬೇ, ಹೊಸಾವು ಬರ್ತಾವ” ಎಂದಳು. ನಾನು ಒಪ್ಪಲಿಲ್ಲ. ಉದ್ದ ಬೇಕೆಂಬ ಆಸೆ ಇತ್ತು, ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಬೆನ್ನ ಮೇಲೆ ಆ ಹಳದಿ ತೂಗುತ್ತಿರುವವರೆಗೆ ನೀನು ಮಾಡಿದ್ದು ನನಗೆ ಮರೆಯುವುದಿಲ್ಲ ಎಂದು ಇಟ್ಟುಕೊಂಡೆ. ಈಗ ನಡುಬೆನ್ನಿನವರೆಗೆ ನನ್ನ ಸ್ವಂತ ಕಪ್ಪು ಬಂದಿದೆ, ಕೈ ಆಡಿಸಿದರೆ ಜಾರುತ್ತದೆ. ಮೊನ್ನೆ ಅತ್ತೆ ಸುವರ್ಣಾಬಾಯಿಯವರ ಫೋನು ಬಂದ ಮರುದಿನ, ಉಳಿದ ಹಳದಿಯನ್ನೆಲ್ಲ ಒಂದೇ ಏಟಿಗೆ ಕತ್ತರಿಸಿದೆ.

ಅತ್ತೆ ಫೋನು ಮಾಡಿದ್ದು ಯಾಕೆಂದು ನಿನಗೆ ಗೊತ್ತು. ನಿಮ್ಮ ಮನೆತನದಲ್ಲಿ ಮದುಮಗಳ ಜಡೆಯನ್ನು ವೈನಿಯೇ ಹೆಣೆಯಬೇಕು. ಜಡೆ ಸೊಂಟದ ಕೆಳಗೆ ಇಳಿಯಬೇಕು. ಸಾಲದಿದ್ದರೆ ಜೊತೆಗೆ ಹೆಣೆಯುವ ಚವರಿಯೂ ವೈನಿಯ ಕೂದಲಿನದೇ ಆಗಬೇಕು, ಹೊರಗಿನವರ ಕೂದಲು ಮದುಮಗಳಿಗೆ ತಾಗಬಾರದು. “ಬೀಗರ ಮುಂದ ಮರ್ಯಾದಿ ಕಳೀಬ್ಯಾಡವ್ವಾ, ಬಂದ ಹೋಗ” ಎಂದರು. ಮೂರು ವರ್ಷದ ಹಿಂದೆ ನನ್ನ ಮರ್ಯಾದೆ ಕಳೆಯುವಾಗ ಈ ‘ಅವ್ವಾ’ ಎಲ್ಲಿತ್ತೋ. ಆದರೂ ಬರುತ್ತೇನೆಂದು ಹೇಳಿದ್ದೇನೆ.

ಚವರಿಯನ್ನು ಬಬಲೇಶ್ವರದ ಮಾಸುಮಬಿಯ ಕೈಯಲ್ಲಿ ಕಟ್ಟಿಸಿ ಈ ಪತ್ರದ ಜೊತೆಗಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಆ ಮುದುಕಿ ಬಹಳ ಅಚ್ಚುಕಟ್ಟಾಗಿ ಕಟ್ಟುತ್ತಾಳೆ. ಕಪ್ಪಗೆ ಮಿಂಚುತ್ತದೆ, ನೋಡು. ಬದಲಿಗೆ ನಾನು ಕೇಳುವುದು ಒಂದೇ. ಶನಿವಾರ ನಿನಗೆ ಅರಿಶಿನ ಹಚ್ಚಿ ಸುರಗಿ ನೀರು ಹಾಕುವ ಮೊದಲು, ನನ್ನ ಕೂದಲು ಸುಟ್ಟದ್ದು ಯಾರೆಂದು ನಿಮ್ಮವ್ವನಿಗೂ ನಿಮ್ಮಣ್ಣನಿಗೂ ನಿನ್ನ ಬಾಯಿಂದಲೇ ಹೇಳು. ಓಣಿಗೆಲ್ಲ ಕೇಳುವಂತೆ ಹೇಳು. ನನ್ನ ಹೆಸರು ಕೆಟ್ಟದ್ದೂ ಹಾಗೆಯೇ.

ಕೂದಲನ್ನು ಜೋಪಾನ ಮಾಡು.

ಇಂತಿ, ಇನ್ನೂ ನಿನ್ನ ವೈನಿಯಾಗಿರುವ
ಪೂನಮ

ತಾ.ಕ.: ಡಬ್ಬಿಯ ತಳದಲ್ಲಿ ಬಿಳಿ ಕರವಸ್ತ್ರ ಇದೆ, ತೆಗೆದು ನೋಡು. ಒದ್ದೆ ಮಾಡಿ ಚವರಿಯ ಮೇಲೆ ಒಮ್ಮೆ ಎಳೆದೆ, ಅಷ್ಟಕ್ಕೇ ಮಸಿ ಅರಿವೆಯಾಗಿದೆ. ಚವರಿ ಆ ಹಳದಿ ಕೂದಲಿನದು. ಹತ್ತು ರೂಪಾಯಿಯ ಕರಿ ಪುಡಿ ಹಚ್ಚಿದ್ದೇನೆ, ಸುಟ್ಟ ಕೂದಲು ಬಣ್ಣ ಹಿಡಿದಿಟ್ಟುಕೊಳ್ಳುವುದಿಲ್ಲ. ಏಪ್ರಿಲ್ ಬಿಸಿಲು, ತುಂಬಿದ ಮಂಟಪ, ಬೆವರು, ನಿನ್ನ ಕೆನೆಬಣ್ಣದ ಸೀರೆ. ಬೀಗರೆಲ್ಲ ನಿನ್ನ ಬೆನ್ನ ಹಿಂದೆಯೇ ಕುಳಿತಿರುತ್ತಾರೆ. ಅತ್ತೆಗೆ ಹೇಳಿ ಬೇರೆ ಚವರಿ ತರಿಸುತ್ತೇನೆಂದರೆ ಯಾಕೆಂದು ಕೇಳುತ್ತಾರೆ. ಈ ಪತ್ರ ತೋರಿಸಿದರೆ ನನ್ನ ಕೆಲಸ ಇನ್ನೂ ಹಗುರ.

ನಾನು ಸಣ್ಣವಳಿದ್ದಾಗಿನಿಂದ ಬಾಚಿದಾಗ ಉದುರಿದ ನನ್ನ ಕೂದಲನ್ನು ಅವ್ವ ಗಂಟು ಕಟ್ಟಿ ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ಅದರಿಂದಲೂ ಒಂದು ಚವರಿ ಕಟ್ಟಿಸಿದ್ದೇನೆ, ಅಪ್ಪಟ ಕಪ್ಪು. ಅದು ನನ್ನ ಚೀಲದಲ್ಲಿರುತ್ತದೆ. ನೀನು ಖರೆ ಹೇಳಿದರೆ ಅದನ್ನು ಹೆಣೆಯುತ್ತೇನೆ, ಇಲ್ಲವಾದರೆ ಇದನ್ನು.

ಹೆಣೆದು ಮುಗಿಸಿ ಅಂದೇ ಸಂಜೆಯ ಬಸ್ಸಿಗೆ ತಿಕೋಟಾಕ್ಕೆ ಮರಳುತ್ತೇನೆ. ನಿಮ್ಮಣ್ಣ ಹಿಂದೆ ಬಂದು ಮನೆಗೆ ನಡೆ ಎಂದರೆ ಏನು ಹೇಳಬೇಕೆಂದು ಈಗಲೇ ಬಾಯಿಪಾಠ ಮಾಡಿಕೊಂಡಿದ್ದೇನೆ: “ಕೂದಲಾ ಬೆಳ್ಳಗಾದಮ್ಯಾಲ ಬರ್ತೇನಿ.”