ಉರಿಯದ ಪಾದಕ್ಕೆ ನಿಮ್ಮ ಎಲೆಯೆಣ್ಣೆ

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳೇ,

ನಮ್ಮ ಓಣಿಯ ಆರೋಗ್ಯ ಕೇಂದ್ರದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಗೆ ಬೀಗ ಜಡಿದು, ಅದರ ಬಾಗಿಲಲ್ಲೇ ಕರ್ಪೂರದ ಮರದ ಎಲೆಯೆಣ್ಣೆ ಹಂಚುವ ಮೇಜು ಹಾಕಿಸಿದ್ದೀರಿ. ನನ್ನ ಸೋದರತ್ತೆಯ ಕಾಲ್ಬೆರಳು ಕಪ್ಪಗಾಗುತ್ತಿದೆ. ಮಾನ್ಯರೇ, ಎರಡಕ್ಕೂ ಸಂಬಂಧವಿದೆ.

ಅಲ್ಲಿನ ಗೋಡೆಗೆ ಅಂಟಿಸಿದ ಸಂಶೋಧನಾ ವರದಿಯನ್ನು ನಿಂತೇ ಓದಿದೆ. ಎಣ್ಣೆಯಲ್ಲಿ ಕರ್ಪೂರವಿದೆ, ಸಿನಿಯೋಲ್, ಲಿನಲೂಲ್ ಎಂಬ ರಾಸಾಯನಿಕಗಳಿವೆ. ಗಾಜಿನ ತಟ್ಟೆಯಲ್ಲಿ ಸಾಕಿದ ರೋಗಾಣುಗಳು ಅದಕ್ಕೆ ಸತ್ತವು. ಸಂತೋಷ. ವಿಜ್ಞಾನಿಗಳ ಮೇಲೆ ನನಗೆ ಸಿಟ್ಟಿಲ್ಲ. ‘ಔಷಧವಾಗುವ ಸಾಧ್ಯತೆಯಿದೆ, ಮನುಷ್ಯರ ಮೇಲೆ ಇನ್ನೂ ಪರೀಕ್ಷೆಯಾಗಬೇಕು’ ಎಂದು ಅವರೇ ಕೊನೆಯಲ್ಲಿ ಬರೆದಿದ್ದಾರೆ. ಆ ಸಾಲಿನ ಮೇಲೆ ನಿಮ್ಮ ನಗುಮುಖದ ಪೋಸ್ಟರ್ ಕೂತಿತ್ತು. ಮೂಲೆ ಎತ್ತಿ ಓದಬೇಕಾಯಿತು. ಗಾಜಿನ ತಟ್ಟೆಗೆ ನನ್ನ ಅತ್ತೆಗೆ ಬಂದಂತೆ ಸಕ್ಕರೆ ಕಾಯಿಲೆ ಬರುತ್ತದೆಯೇ? ಮರದಿಂದ ಮರಕ್ಕೆ ಎಣ್ಣೆಯ ಗುಣ ಬೇರೆ ಎಂದೂ ವರದಿ ಹೇಳುತ್ತದೆ. ನೀವೋ, ವಿದ್ಯುತ್ ತಂತಿಗೆ ತಾಗುತ್ತವೆಂದು ರಸ್ತೆಬದಿಯಲ್ಲಿ ಕಡಿದ ಕೊಂಬೆಗಳ ಎಲೆಯನ್ನೆಲ್ಲ ಒಂದೇ ಹಂಡೆಗೆ ತುಂಬಿ ಬಟ್ಟಿ ಇಳಿಸಿದಿರಿ. ಎಷ್ಟು ಹನಿ, ಯಾವ ಗಾಯಕ್ಕೆ? ಬಾಟಲಿಯ ಮೇಲೆ ಒಂದಕ್ಷರವಿಲ್ಲ.

ಅತ್ತೆ ಇಸ್ತ್ರಿ ಕೆಲಸದವಳು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಸತ್ತಿದೆ. ಇಸ್ತ್ರಿಪೆಟ್ಟಿಗೆಯ ಕಾವನ್ನು ಒದ್ದೆ ಬೆರಳಿನಿಂದ ನೋಡುವವಳಿಗೆ ಔಷಧವೂ ಚುರ್ ಅಂದರೇ ನಂಬಿಕೆ. ಚಪ್ಪಲಿ ಕಚ್ಚಿದ ಗಾಯ ತೋರಿಸಲು ಹೋದರೆ, ಮೇಜಿನ ಹಿಂದಿದ್ದ ನರ್ಸ್, “ಪಟ್ಟಿ ಕಟ್ಟೋರು ಯಾರೂ ಇಲ್ಲಮ್ಮಾ, ಇದನ್ನೇ ಹಚ್ಕೊಳ್ಳಿ” ಎಂದರಂತೆ. ಹಚ್ಚಿದಳು. ಉರಿಯಲಿಲ್ಲ. ಸುರಿದಳು. ಉರಿಯಲೇ ಇಲ್ಲ. ಬಟ್ಟೆ ನೆನೆಸಿ ಸುತ್ತಿಕೊಂಡಳು.

“ಅತ್ತೆ, ಚರ್ಮವೇ ಸುಲಿದು ಬರ್ತಿದೆ!” ಎಂದು ಕೂಗಿದೆ.

“ಸುಮ್ನಿರೋ, ದೊಡ್ಡ ಡಾಕ್ಟರು ಬಂದ್ಬಿಟ್ಟ! ಸರ್ಕಾರದ ಎಣ್ಣೆ ಅಲ್ವಾ, ಏನೋ ಬೆರೆಸಿರ್ತಾರೆ, ಅದಕ್ಕೇ ಉರೀತಿಲ್ಲ. ಉರಿಯೋವರೆಗೂ ಹಾಕ್ಬೇಕು.”

ನಿಮ್ಮ ಪ್ರಾಮಾಣಿಕತೆಯ ಮೇಲೆ ಅವಳಿಗಿದ್ದ ಅನುಮಾನವೇ ಅವಳನ್ನು ಸುಟ್ಟಿತು. ಜನ್ಮದಲ್ಲಿ ಒಮ್ಮೆ ಕಲಬೆರಕೆ ಮಾಡದೆ ಕೊಟ್ಟಿರಿ, ಅದೂ ಇದನ್ನೇ!

ದೊಡ್ಡಾಸ್ಪತ್ರೆಯ ವೈದ್ಯೆ ಹೇಳಿದರು: “ಬೆರಳು ಉಳೀಬೇಕಾದ್ರೆ ದಿನಾ ಶುಚಿ ಮಾಡಿ ಪಟ್ಟಿ ಕಟ್ಟಿಸ್ಲೇಬೇಕು. ನಿಮ್ಮನೆ ಹತ್ರಾನೇ ಕೋಣೆ ಇದೆಯಲ್ಲ?”

ಇದೆ. ಬೀಗವೂ ಇದೆ.

ಆ ಎಣ್ಣೆಯನ್ನು ಪ್ರಯೋಗಾಲಯಕ್ಕೆ ವಾಪಸು ಕಳಿಸಿ. ಔಷಧವಾಗುವ ಯೋಗ್ಯತೆಯಿದ್ದರೆ ಪರೀಕ್ಷೆ ಪಾಸು ಮಾಡಿಕೊಂಡು ಬರಲಿ. ಕೋಣೆಯ ಬೀಗ ತೆಗೆಸಿ, ಪಟ್ಟಿ ಕಟ್ಟುವವರನ್ನು ನಾಳೆಯೇ ಕೂರಿಸಿ. ಇಲ್ಲವಾದರೆ ಅತ್ತೆಯನ್ನು ಕುರ್ಚಿ ಸಮೇತ ಹೊತ್ತು ನಿಮ್ಮ ಕಚೇರಿಗೇ ತರುತ್ತೇವೆ. ಓಣಿಯ ಗಾಯಾಳುಗಳೆಲ್ಲ ಹಿಂದೆಯೇ ಬರುತ್ತಾರೆ. ಪಟ್ಟಿಯನ್ನು ನೀವೇ ಕಟ್ಟಿ. ಕೈ ನಡುಗಿದರೂ ಚಿಂತೆಯಿಲ್ಲ, ಅವಳಿಗೆ ನೋವು ಗೊತ್ತಾಗುವುದಿಲ್ಲ.

ಇಂತಿ,
ಬೆರಳು ಉಳಿದೀತೆಂದು ಇನ್ನೂ ನಂಬಿ ಕೂತಿರುವ ದಡ್ಡ,
ಅವಳ ಸೋದರಳಿಯ