ಎಡತೋಳು ಗಿಡ್ಡಾದ ಅಂಗಿ

ಮಾರ್ಚ್ ೧೨, ಬುಧವಾರ

ನನ್ನ ಮುದ್ದು ಗಿಣಿಮೂಗಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಬೇಕಾದರೆ ಬೈದುಕೋ, ಮುನಿಸಿಕೊಳ್ಳಬೇಡ. ಮದುವೆಯಾಗಿ ಹೋದಮೇಲೂ ನಮ್ಮ ಹೊಲಿಗೆ ಅಂಗಡಿಯ ಸುದ್ದಿ ಬೇಕು ಅನ್ನುತ್ತೀಯಲ್ಲ, ಇದೋ ಕೇಳು. ಯಜಮಾನಮ್ಮ ಹೊಸ ಕನ್ನಡಕ ಹಾಕಿಕೊಂಡು ನಮ್ಮ ಹಳೇ ತಪ್ಪುಗಳನ್ನೆಲ್ಲ ಹುಡುಕುತ್ತಿದ್ದಾರೆ. ನಿನ್ನ ಮಷೀನಿನ ಮುಂದೆ ಈಗ ಒಬ್ಬ ಮಾತಿನಮಲ್ಲಿ ಕೂತಿದ್ದಾಳೆ. ನಾನು ಮಾತ್ರ ಕೆಂಡವಾಗಿದ್ದೇನೆ.

ಗುಂಡಿ ಹೊಲಿಯುವಾಗ ಹಾಡುತ್ತಿದ್ದೆವಲ್ಲ, ನೆನಪಿದೆಯೇ? ಹಳೆಯ ಹಾಡಿಗೆ ಒಬ್ಬೊಬ್ಬಳು ತನ್ನದೊಂದು ನುಡಿ ಸೇರಿಸುವುದು, ಕಟ್ಟಿದವಳೇ ಅದನ್ನು ಹಾಡುವುದು, ಉಳಿದವರು ಬರೀ ದನಿಗೂಡಿಸುವುದು. ಕೊನೆಯ ನುಡಿ ನನ್ನದು:

ಎಡತೋಳು ಗಿಡ್ಡಾದ ಅಂಗಿಯ ತೊಟ್ಟವನೆ
ತಿರುಗಿ ನೋಡದಲೆ ನಡೆದವನೆ, ಓ ಗೆಳೆಯ
ಅಂಗಿ ನಿನಗಿರಲಿ, ಸೂಜಿ ನನಗಿರಲಿ

ಅದನ್ನು ಕಟ್ಟುವಾಗ ನಾನು ಅತ್ತದ್ದನ್ನು ಕಂಡವಳು ನೀನೊಬ್ಬಳೇ. ನಿನ್ನಣ್ಣನಿಗೆ ನಾನು ಹೊಲಿದ ಮೊದಲ ಅಂಗಿ ಅದು. ಅಳತೆ ತೆಗೆಯುವಾಗ ಎಡಗೈ ಮಡಚಿ ನನ್ನ ಜಡೆ ಹಿಡಿದಿದ್ದ. ನಾನೂ ಪೆದ್ದಿ, ಮಡಚಿದ ಕೈಯನ್ನೇ ಭುಜದಿಂದ ಮಣಿಕಟ್ಟಿಗೆ ನೇರವಾಗಿ ಅಳೆದೆ, ತೋಳು ಗಿಡ್ಡಾಯಿತು. ಅದನ್ನೇ ತೊಟ್ಟು ಬೇರೆ ಊರಿಗೆ ಹೋದವನು ಅಲ್ಲೇ ಬೇರೆಯವಳನ್ನು ಮದುವೆಯಾದ. ಆ ಕೊನೆಯ ಸಾಲು ಬಾಯಿಗೆ ಬಂದ ದಿನ ನಾನು ಅವನನ್ನು ಬಿಟ್ಟುಕೊಟ್ಟೆ.

ಹೋದ ತಿಂಗಳು ರೇಡಿಯೋದವನೊಬ್ಬ ಬಂದು ಹಾಡು ರೆಕಾರ್ಡ್ ಮಾಡಿಕೊಂಡು ಹೋದ. ಮೊನ್ನೆ ರೇಡಿಯೋ ಹಾಕಿದರೆ ಯಾವಳೋ ನನ್ನ ನುಡಿಯನ್ನು ಎಳೆದೆಳೆದು ಹಾಡುತ್ತಿದ್ದಾಳೆ, ಕೊನೆಯ ಸಾಲೇ ಬೇರೆ: ‘ಅಂಗಿ ಹರಿದಾಗ ಮರಳಿ ಬಾ, ಕಾದಿರುವೆ.’ ಕಾದಿರುವೆನಂತೆ! ನನಗೇನು ಬೇರೆ ಕೆಲಸವಿಲ್ಲವೇ? ಆ ರೇಡಿಯೋದವನಿಗೇ ಫೋನ್ ಮಾಡಿ ಜಾಡಿಸಿದೆ.

‘ಕೊನೇಲಿ ಸ್ವಲ್ಪ ಆಸೆ ಇರ್ಬೇಕಮ್ಮಾ, ಕೇಳೋರಿಗೆ ಅದೇ ಇಷ್ಟ. ಜಾನಪದ ಯಾರೂ ಕಟ್ಟಿದ್ದಲ್ಲ ಬಿಡಿ’ ಅಂದ.

‘ಯಾರೂ ಕಟ್ಟಿಲ್ಲ ಅಂದ್ರೆ ನಾನೇನು ದೆವ್ವಾನಾ?’ ಅಂದೆ. ಫೋನ್ ಇಟ್ಟುಬಿಟ್ಟ!

ಯಜಮಾನಮ್ಮನೋ, ‘ಹೋಗ್ಲಿ ಬಿಡೆ, ಒಂದು ಸಾಲಿಗೆ ಇಷ್ಟೊಂದು ರಂಪನಾ?’ ಅಂದರು. ಒಂದು ಸಾಲಂತೆ. ನಾನು ಬಿಟ್ಟುಕೊಟ್ಟವನನ್ನು ಊರೆಲ್ಲ ಕೇಳುವಂತೆ ನನ್ನ ಮಾತಿನಲ್ಲೇ ವಾಪಸು ಕರೆಸಿದ್ದಾನೆ ಕಣೆ, ಆ ಮೂದೇವಿ!

ಇರಲಿ. ನಿನ್ನ ಮಗಳ ಕೆಮ್ಮು ವಾಸಿಯಾಯಿತೇ? ಅವಳಿಗೊಂದು ಫ್ರಾಕು ಹೊಲಿದಿಟ್ಟಿದ್ದೇನೆ, ಸ್ವಲ್ಪ ಉದ್ದವೇ ಬಿಟ್ಟಿದ್ದೇನೆ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಗುಂಡುಸೂಜಿ

ತಾ.ಕ.: ನಿನ್ನೆ ನಿನ್ನಣ್ಣ ಊರಿಗೆ ಬಂದವನು ಅಂಗಡಿಗೂ ಬಂದಿದ್ದ, ಕೋಟು ಹೊಲಿಸಲು. ‘ರೇಡಿಯೋದಲ್ಲಿ ಬರೋದು ನಿಮ್ಮ ಅಂಗಡಿ ಹಾಡಂತಲ್ಲ? ಚೆನ್ನಾಗಿದೆ. ಯಾರಪ್ಪಾ ಅವನು, ಅಷ್ಟು ಅದೃಷ್ಟವಂತ?’ ಅಂತ ನಗುತ್ತಾ ಕೇಳಿದ. ನಾಟಕವಲ್ಲ ಕಣೆ, ಮುಖ ನೋಡಿದೆ. ಅವನಿಗೆ ಆ ಅಂಗಿಯ ನೆನಪೇ ಇಲ್ಲ. ನಾನು ಟೇಪು ಹಿಡಿದೆ. ಎಡಗೈ ನೆಟ್ಟಗೆ ಇಳಿಬಿಟ್ಟು ನಿಂತಿದ್ದ. ಅಳತೆ ಸರಿಯಾಗಿಯೇ ಬಂತು.